ಪರಿಶೀಲನೆಯಲ್ಲಿರುವ ಪೇಟೆಂಟ್ ಅರ್ಜಿಗಳು: ಸಣ್ಣ ಕಂಪೆನಿಗಳಲ್ಲಿ ಅವುಗಳ ಮೌಲ್ಯನಿರ್ಣಯ

ಪೇಟೆಂಟ್ ಕಚೇರಿಗೆ ಸಲ್ಲಿಕೆಯಾಗಿ, ಮಂಜೂರೂ ಆಗದೆ ತಿರಸ್ಕೃತವೂ ಆಗದೆ ಪರೀಕ್ಷಕರ ಮುಂದೆ ಇರತಕ್ಕ ಅರ್ಜಿಗಳೇ ಒಂದು ಸಣ್ಣ ಕಂಪೆನಿಯ ಮುಖ್ಯ ಆಸ್ತಿಯಾಗಿರುವಾಗ, ಆ ಕಂಪೆನಿಗೆ ಎಷ್ಟು ಬೆಲೆ ಕಟ್ಟುವುದು ಯುಕ್ತವೆಂಬುದು ಬಂಡವಾಳ ಹೂಡುವವರ ನಡುವೆ ಸುಮಾರು ಒಂದೂವರೆ ಶತಮಾನದಿಂದ ನಡೆದುಬಂದಿರುವ ವಿವಾದ. ದೊಡ್ಡ ಕಂಪೆನಿಗೆ ಕಾರ್ಖಾನೆಯುಂಟು, ಗಿರಾಕಿಗಳುಂಟು, ವರ್ಷವರ್ಷದ ಲಾಭದ ಲೆಕ್ಕವುಂಟು. ಅದರ ನೂರಾರು ಅರ್ಜಿಗಳಲ್ಲಿ ಹತ್ತು ಬಿದ್ದುಹೋದರೂ ಷೇರಿನ ಬೆಲೆ ಅಲುಗದು. ಸಣ್ಣ ಕಂಪೆನಿಯಲ್ಲಾದರೋ ಒಂದೆರಡು ಅರ್ಜಿಗಳ ಮೇಲೆಯೇ ಇಡೀ ಸಂಸ್ಥೆಯ ಭವಿಷ್ಯ ನಿಂತಿರುವುದರಿಂದ, ಒಂದೇ ದಾಖಲೆಯನ್ನು ಓದಿದ ಇಬ್ಬರು ವಿವೇಕಿಗಳಲ್ಲಿ ಒಬ್ಬರು ಅದಕ್ಕೆ ಹತ್ತಾರು ಕೋಟಿ ರೂಪಾಯಿಗಳ ಬೆಲೆ ಕಟ್ಟುವುದೂ ಇನ್ನೊಬ್ಬರು ಅದನ್ನು ಬರಿಯ ಕಾಗದವೆಂದು ಬದಿಗಿಡುವುದೂ ಸಾಧ್ಯ. ಇಬ್ಬರ ತರ್ಕವೂ ನಿರ್ದುಷ್ಟವಾಗಿರಬಹುದು.

ಪೇಟೆಂಟ್ ಅರ್ಜಿಯಲ್ಲಿ ಎರಡು ಅಂಗಗಳನ್ನು ವಿಂಗಡಿಸಿ ನೋಡಬೇಕು. ಆವಿಷ್ಕಾರವನ್ನು ಚಿತ್ರಸಹಿತವಾಗಿ ತಿಳಿಸುವ ವಿವರಣೆ ಒಂದು; ಅದರಲ್ಲಿ ಎಷ್ಟು ಭಾಗ ತನ್ನದೆಂದು ಅರ್ಜಿದಾರನು ಸಾಧಿಸಬಯಸುತ್ತಾನೋ ಅದನ್ನು ಒಂದೊಂದು ವಾಕ್ಯದಲ್ಲಿ ಬಿಗಿದಿಡುವ ಹಕ್ಕುಕೋರಿಕೆಗಳು, ಅಂದರೆ ವ್ಯವಹಾರದಲ್ಲಿ ಎಲ್ಲರೂ ಕ್ಲೇಮು ಎನ್ನತಕ್ಕವು, ಇನ್ನೊಂದು. ಕಾನೂನಿನ ದೃಷ್ಟಿಯಲ್ಲಿ ಆಸ್ತಿಯೆಂಬುದು ಎರಡನೆಯದರಲ್ಲಿಯೇ ಇದೆ. ವಿವರಣೆಯ ಸೊಬಗಿಗೆ ಮಾರುಹೋಗಿ ಕ್ಲೇಮುಗಳನ್ನು ಓದದೆ ಹಣ ಹೂಡಿದವರ ಸಂಖ್ಯೆ ಎಲ್ಲ ದೇಶಗಳಲ್ಲಿಯೂ ದೊಡ್ಡದು. ಪರೀಕ್ಷಕನು ಪೂರ್ವಪ್ರಕಟಿತ ಜ್ಞಾನವನ್ನು ಎದುರಿಟ್ಟು ಆಕ್ಷೇಪಿಸಿದಂತೆಲ್ಲ ಅರ್ಜಿದಾರನು ಕ್ಲೇಮಿಗೆ ಒಂದೊಂದು ವಿಶೇಷಣವನ್ನು ಸೇರಿಸಿ ಅದನ್ನು ಕಿರಿದುಗೊಳಿಸುತ್ತ ಹೋಗುತ್ತಾನೆ. ಹೀಗೆ ಸೇರಿದ ಪ್ರತಿಯೊಂದು ಪದವೂ ಪ್ರತಿಸ್ಪರ್ಧಿಯು ನುಸುಳಿಹೋಗಬಹುದಾದ ಹೊಸದೊಂದು ದಾರಿ. ಮಲೆನಾಡಿನಲ್ಲಿ ಕೊಯ್ಲಿಗೆ ಮುನ್ನವೇ ಅಡಿಕೆ ತೋಟದ ಫಸಲನ್ನು ಚೇಣಿ ಹಿಡಿಯುವವನು ಗೊನೆಗಳನ್ನು ನೋಡಿ, ಮಳೆಯನ್ನೂ ಕೊಳೆರೋಗವನ್ನೂ ಊಹಿಸಿ ಬೆಲೆ ಹೇಳುತ್ತಾನಷ್ಟೆ. ಅರ್ಜಿಗೆ ಬೆಲೆ ಕಟ್ಟುವವನಿಗೆ ಫಸಲಿನ ಸಂದೇಹದ ಜೊತೆಗೆ ತೋಟದ ಬೇಲಿ ಎಲ್ಲಿ ನಿಲ್ಲುವುದೆಂಬ ಸಂದೇಹವೂ ಇರುವುದು.

ಮಂಜೂರಾಗದ ಅರ್ಜಿಯಿಂದ ಯಾರನ್ನೂ ತಡೆಯಲು ಬರುವುದಿಲ್ಲ. ಆದರೂ ಅದು ಕೇವಲ ಆಶಾಮಾತ್ರವೂ ಅಲ್ಲ. ಭಾರತದ 1970ರ ಪೇಟೆಂಟ್ ಕಾಯಿದೆಯ 11ಎ ವಿಧಿಯ ಪ್ರಕಾರ ಅರ್ಜಿ ಪ್ರಕಟವಾದ ದಿನದಿಂದಲೇ ಪೇಟೆಂಟ್ ದೊರೆತಂತೆ ಹಕ್ಕುಗಳು ಲಭಿಸುತ್ತವೆಯಾದರೂ, ನಿಜವಾಗಿ ಮಂಜೂರಾಗುವವರೆಗೆ ಉಲ್ಲಂಘನೆಗಾಗಿ ದಾವೆ ಹೂಡುವಂತಿಲ್ಲ. ಅಮೆರಿಕದಲ್ಲಿ ಪ್ರಕಟಿತ ಅರ್ಜಿಯ ವಿಷಯ ತಿಳಿದೂ ಅದನ್ನು ಬಳಸಿಕೊಂಡವರಿಂದ ಆ ನಡುಗಾಲಕ್ಕೆ ಯುಕ್ತ ರಾಯಲ್ಟಿಯನ್ನು ಆಮೇಲೆ ಕೇಳಬಹುದು. ಆದರೆ ಪ್ರಕಟವಾದ ಕ್ಲೇಮೂ ಕೊನೆಗೆ ಮಂಜೂರಾದ ಕ್ಲೇಮೂ ಸಾರತಃ ಒಂದೇ ಆಗಿರಬೇಕೆಂಬ ನಿಯಮವಿರುವುದರಿಂದ, ಪರೀಕ್ಷೆಯಲ್ಲಿ ತಿದ್ದುಪಡಿಯಾದ ಬಹುಪಾಲು ಅರ್ಜಿಗಳಿಗೆ ಈ ಸೌಲಭ್ಯ ಕೈಗೆ ಸಿಗುವುದು ಕಷ್ಟ.

ಪೇಟೆಂಟಿನ ನಿರೀಕ್ಷೆಯ ಮೇಲೆಯೇ ಹಣ ಹೂಡಿದ ಪ್ರಸಿದ್ಧ ನಿದರ್ಶನಗಳಲ್ಲಿ ದೂರವಾಣಿಯದು ಮೊದಲು ನೆನಪಿಗೆ ಬರುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಪ್ರಯೋಗಗಳಿಗೆ ಗಾರ್ಡಿನರ್ ಹಬ್ಬರ್ಡ್ ಮತ್ತು ಥಾಮಸ್ ಸ್ಯಾಂಡರ್ಸ್ ಎಂಬಿಬ್ಬರು 1875ರಲ್ಲಿ ಒಪ್ಪಂದ ಮಾಡಿಕೊಂಡು ಹಣ ಒದಗಿಸಿದರು. ಅವರಿಗೆ ದೊರೆಯತಕ್ಕದ್ದು ಬೆಲ್ಲನು ಮುಂದೆ ಪಡೆಯಬಹುದಾದ ಪೇಟೆಂಟುಗಳಲ್ಲಿ ಪಾಲು ಮಾತ್ರ. 1876ರ ಫೆಬ್ರವರಿ 14ರಂದು ಸಲ್ಲಿಸಿದ ಅರ್ಜಿ ಮಾರ್ಚ್ 7ರಂದೇ ಮಂಜೂರಾಯಿತು. ಇಂದಿನ ಅರ್ಜಿದಾರನು ನಂಬಲಾರದಷ್ಟು ಅಲ್ಪಾವಧಿಯಿದು. ಆದರೆ ಬೆಲೆ ನಿಶ್ಚಯವಾದುದು ಆ ದಿನವಲ್ಲ. ವೆಸ್ಟರ್ನ್ ಯೂನಿಯನ್ ಎಂಬ ಬಲಿಷ್ಠ ತಂತಿ ಕಂಪೆನಿ ಪ್ರತಿಸ್ಪರ್ಧಿಯಾಗಿ ನಿಂತು ವ್ಯಾಜ್ಯ ನಡೆದು, 1879ರ ನವೆಂಬರಿನಲ್ಲಿ ರಾಜಿಯಾಗಿ, ಅದು ದೂರವಾಣಿ ವ್ಯವಹಾರದಿಂದ ಹಿಂದೆಗೆದಾಗಲೇ ಬೆಲ್ ಕಂಪೆನಿಯ ಷೇರು ಮೇಲಕ್ಕೆ ಚಿಮ್ಮಿತು. ಕಚೇರಿಯ ಮುದ್ರೆಗಿಂತ ಎದುರಾಳಿಯ ಒಪ್ಪಿಗೆ ಹೆಚ್ಚು ಬೆಲೆಬಾಳುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಮೋಟಾರು ವಾಹನದ್ದು. ರಾಚೆಸ್ಟರಿನ ವಕೀಲ ಜಾರ್ಜ್ ಸೆಲ್ಡನ್ 1879ರಲ್ಲಿ ಅರ್ಜಿ ಹಾಕಿ, ತಿದ್ದುಪಡಿಗಳ ಮೂಲಕ ಅದನ್ನು ಹದಿನಾರು ವರ್ಷ ಜೀವಂತವಾಗಿಟ್ಟು, ಮೋಟಾರು ಉದ್ಯಮವು ತಲೆಯೆತ್ತುತ್ತಿದ್ದ 1895ರಲ್ಲಿ ಪೇಟೆಂಟ್ ಪಡೆದನು. ಬಂಡವಾಳಗಾರರ ಗುಂಪೊಂದು ಆ ಹಕ್ಕನ್ನು ಕೈಗೆ ತೆಗೆದುಕೊಂಡಿತು. 1903ರಲ್ಲಿ ತಯಾರಕರ ಸಂಘವೇ ಏರ್ಪಟ್ಟು ರಾಯಲ್ಟಿ ಕೊಡತೊಡಗಿತು. ಹೆನ್ರಿ ಫೋರ್ಡ್ ಮಾತ್ರ ಮಣಿಯಲಿಲ್ಲ. 1911ರ ಜನವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯವು ಪೇಟೆಂಟ್ ಊರ್ಜಿತವೆಂದೇ ಹೇಳಿ, ಆದರೆ ಅದು ಬ್ರೇಟನ್ ಬಗೆಯ ಎಂಜಿನಿಗೆ ಮಾತ್ರ ಅನ್ವಯಿಸುವುದೆಂದೂ ಫೋರ್ಡನೇ ಮೊದಲಾದವರು ಬಳಸುತ್ತಿದ್ದುದು ಅದಕ್ಕಿಂತ ಭಿನ್ನವಾದ ಒಟ್ಟೊ ಬಗೆಯದೆಂದೂ ತೀರ್ಮಾನಿಸಿತು. ಅರ್ಜಿ ಮಂಜೂರಾಗಿತ್ತು, ಊರ್ಜಿತವೂ ಆಗಿತ್ತು. ಬೇಲಿ ಮಾತ್ರ ಉದ್ಯಮದ ಹೊರಗೆ ಬಿದ್ದಿತ್ತು.

ಆದರೆ ಈ ವಿಷಯದ ಎಲ್ಲ ಮುಖಗಳನ್ನೂ ಒಂದೆಡೆ ಕಾಣಬೇಕಾದರೆ ಲೇಸರಿನ ಚರಿತ್ರೆಗೆ ಹೋಗಬೇಕು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಯಾಗಿದ್ದ ಗಾರ್ಡನ್ ಗೂಲ್ಡ್ 1957ರ ನವೆಂಬರಿನಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಲೇಸರಿನ ಕಲ್ಪನೆಯನ್ನು ಬರೆದು, ನೋಟರಿಯಿಂದ ಮುದ್ರೆ ಹಾಕಿಸಿಕೊಂಡನು. ಕೆಲಸ ಮಾಡುವ ಮಾದರಿಯಿಲ್ಲದೆ ಅರ್ಜಿ ಹಾಕಲಾಗದೆಂಬ ತಪ್ಪು ತಿಳಿವಳಿಕೆಯಿಂದ ಕಾಲ ಕಳೆದು, ಟಿ.ಆರ್.ಜಿ. ಎಂಬ ಸಣ್ಣ ಸಂಶೋಧನ ಕಂಪೆನಿಯನ್ನು ಸೇರಿ, 1959ರ ಏಪ್ರಿಲಿನಲ್ಲಿ ಅರ್ಜಿ ಸಲ್ಲಿಸಿದನು. ಅಷ್ಟರಲ್ಲಿ ಚಾರ್ಲ್ಸ್ ಟೌನ್ಸ್ ಮತ್ತು ಆರ್ಥರ್ ಶಾಲೋ ಎಂಬ ವಿಜ್ಞಾನಿಗಳ ಅರ್ಜಿ 1958ರ ಜುಲೈಯಲ್ಲಿಯೇ ಬೆಲ್ ಪ್ರಯೋಗಾಲಯದ ಪರವಾಗಿ ಸಲ್ಲಿಕೆಯಾಗಿದ್ದು, 1960ರ ಮಾರ್ಚಿನಲ್ಲಿ ಮಂಜೂರೂ ಆಯಿತು. ಮೊದಲು ಕಲ್ಪಿಸಿದವರಿಗೆ ಹಕ್ಕು ಎಂಬ ನಿಯಮ ಆಗ ಅಮೆರಿಕದಲ್ಲಿದ್ದರೂ, ಕಲ್ಪನೆಯ ತರುವಾಯ ಗೂಲ್ಡನು ಎಡೆಬಿಡದೆ ಅದರ ಮೇಲೆ ದುಡಿದನೆಂಬುದು ಸಿದ್ಧವಾಗಲಿಲ್ಲವೆಂದು 1966ರಲ್ಲಿ ನ್ಯಾಯಾಲಯವು ಅವನ ವಿರುದ್ಧ ತೀರ್ಪಿತ್ತಿತು. ಆದರೆ ಗೂಲ್ಡನ ಮೂಲ ಅರ್ಜಿಯ ವಿವರಣೆಯಲ್ಲಿ ಬೇರೆ ಅನೇಕ ಸಂಗತಿಗಳಿದ್ದವು: ಬೆಳಕಿನಿಂದಲೇ ಮಾಧ್ಯಮವನ್ನು ಉದ್ದೀಪನಗೊಳಿಸುವ ಕ್ರಮ, ಅನಿಲದಲ್ಲಿ ವಿದ್ಯುತ್ ಹರಿಸಿ ಉದ್ದೀಪಿಸುವ ಕ್ರಮ, ಲೇಸರ್ ಕಿರಣವನ್ನು ಕೊರೆಯಲು ಕತ್ತರಿಸಲು ಬಳಸುವ ವಿಧಾನ. ಆ ಅರ್ಜಿಯಿಂದ ಕವಲೊಡೆದ ಅರ್ಜಿಗಳು ದಶಕಗಟ್ಟಲೆ ಕಚೇರಿಯಲ್ಲಿ ಉಳಿದವು.

ಈ ಅರ್ಜಿಗಳನ್ನು ಬೆನ್ನಟ್ಟಲು ಗೂಲ್ಡನಲ್ಲಿ ಹಣವಿರಲಿಲ್ಲ. 1970ರ ದಶಕದ ಮಧ್ಯದಲ್ಲಿ ರಿಫ್ಯಾಕ್ ಎಂಬ ಪರವಾನಗಿ ಸಂಸ್ಥೆಗೆ ಅರ್ಧ ಪಾಲು ಕೊಟ್ಟು ವ್ಯಾಜ್ಯದ ಖರ್ಚಿಗೆ ದಾರಿ ಮಾಡಿಕೊಂಡನು; ಮುಂದೆ ಪ್ಯಾಟ್ಲೆಕ್ಸ್ ಎಂಬ ಕಂಪೆನಿ ರೂಪುಗೊಂಡು ಹಕ್ಕಿನ ದೊಡ್ಡ ಪಾಲು ಅದಕ್ಕೆ ಸೇರಿತು; ಕೊನೆಗೆ ಆವಿಷ್ಕಾರಕನ ಕೈಯಲ್ಲಿ ಉಳಿದುದು ಐದರಲ್ಲಿ ಒಂದು ಪಾಲು. 1977ರ ಅಕ್ಟೋಬರಿನಲ್ಲಿ ಮೊದಲ ಪೇಟೆಂಟ್ ಮಂಜೂರಾಯಿತು. 1979ರಲ್ಲಿ ಬಳಕೆಯ ವಿಧಾನಗಳದು. ಲೇಸರ್ ತಯಾರಕರು ಒಟ್ಟಾಗಿ ರಾಯಲ್ಟಿಯನ್ನು ನಿರಾಕರಿಸಿದರು. ಮಂಜೂರಾದ ಪೇಟೆಂಟುಗಳನ್ನೇ ಕಚೇರಿ ಪುನಃಪರೀಕ್ಷೆಗೆ ತೆಗೆದುಕೊಂಡಿತು. 1980ರ ದಶಕದ ಮೊದಲಲ್ಲಿ ಪ್ಯಾಟ್ಲೆಕ್ಸಿನ ಷೇರನ್ನು ಕೊಳ್ಳಬೇಕೆಂದಿದ್ದವನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು: ಇಡೀ ಉದ್ಯಮವೊಂದರ ಮೇಲಿನ ಹಕ್ಕು ಒಂದು ಕಡೆ, ಎಲ್ಲವೂ ರದ್ದಾಗಬಹುದಾದ ಭಯ ಇನ್ನೊಂದು ಕಡೆ, ನಡುವೆ ವಕೀಲರ ಖರ್ಚು. 1987ರಲ್ಲಿ ಗಾಳಿ ತಿರುಗಿತು. ಅನಿಲ ಲೇಸರಿನ ಅರ್ಜಿಯನ್ನು ಮಂಜೂರು ಮಾಡಬೇಕೆಂಬ ಆದೇಶವನ್ನು ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. ಫ್ಲಾರಿಡದಲ್ಲಿ ಕಂಟ್ರೋಲ್ ಲೇಸರ್ ಎಂಬ ತಯಾರಕ ಸಂಸ್ಥೆಯ ವಿರುದ್ಧ ಜ್ಯೂರಿಯು ಗೂಲ್ಡನ ಪರವಾಗಿ ನಿರ್ಣಯವಿತ್ತಿತು. ತರುವಾಯ ತಯಾರಕರು ಪರವಾನಗಿಗೆ ಸಹಿ ಹಾಕತೊಡಗಿದರು.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಆಗಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟಿನ ಆಯುಸ್ಸು ಮಂಜೂರಾದ ದಿನದಿಂದ 17 ವರ್ಷ. ಗೂಲ್ಡನ ಅರ್ಜಿಗಳು 1960ರ ಸುಮಾರಿಗೇ ಮಂಜೂರಾಗಿದ್ದರೆ, ಲೇಸರ್ ಉದ್ಯಮವು ಇನ್ನೂ ಶೈಶವದಲ್ಲಿದ್ದ 1970ರ ದಶಕದ ಕೊನೆಗೆ ಅವುಗಳ ಅವಧಿ ಮುಗಿದುಹೋಗುತ್ತಿತ್ತು. ವಿಳಂಬವೆಂಬ ವಿಪತ್ತೇ ಅವುಗಳ ಸಂಪತ್ತಾಯಿತು; ಮೊದಲನೆಯದು 1994ರವರೆಗೆ, ಅನಿಲ ಲೇಸರಿನದು 2004ರವರೆಗೆ ಜೀವಂತವಾಗಿ, ಬಾರ್‌ಕೋಡ್ ಓದುವ ಯಂತ್ರದಿಂದ ಶಸ್ತ್ರಚಿಕಿತ್ಸೆಯವರೆಗೆ ಲೇಸರ್ ಹಬ್ಬಿದ ಕಾಲವನ್ನೆಲ್ಲ ಆವರಿಸಿದವು. ಆಗ ಮಂಜೂರಾಗುವವರೆಗೆ ಅರ್ಜಿಯ ಒಳಗಿನ ವಿಷಯವೂ ಗುಟ್ಟಾಗಿರುತ್ತಿದ್ದುದರಿಂದ ಹೊರಗಿನ ಹೂಡಿಕೆದಾರನು ಕಂಪೆನಿಯ ಮಾತನ್ನೇ ನಂಬಬೇಕಾಗಿತ್ತು.

ಇವೆರಡೂ ಈಗ ಬದಲಾಗಿವೆ. 1995ರ ಜೂನ್ 8ರಿಂದ ಸಲ್ಲಿಸಿದ ಅರ್ಜಿಗಳಿಗೆ ಅಮೆರಿಕದಲ್ಲಿಯೂ, ಇತರ ದೇಶಗಳಂತೆ, ಅವಧಿಯು ಅರ್ಜಿಯ ದಿನದಿಂದ 20 ವರ್ಷ. ಆದುದರಿಂದ ಪರೀಕ್ಷೆಯಲ್ಲಿ ಕಳೆದ ಪ್ರತಿಯೊಂದು ವರ್ಷವೂ ಸಾಮಾನ್ಯವಾಗಿ ಹಕ್ಕಿನ ಆಯುಸ್ಸಿನಿಂದಲೇ ಕಳೆಯುವುದು. ಕಚೇರಿಯ ತಪ್ಪಿನಿಂದಾದ ವಿಳಂಬಕ್ಕೆ ಮಾತ್ರ ಅಲ್ಲಿ ಕೆಲಮಟ್ಟಿಗೆ ಪರಿಹಾರವುಂಟು. 2000ದ ನವೆಂಬರ್ ಕೊನೆಯಿಂದ ಸಲ್ಲಿಸಿದ ಬಹುಪಾಲು ಅರ್ಜಿಗಳು 18 ತಿಂಗಳಿಗೆ ಪ್ರಕಟವಾಗುತ್ತವೆ. ಪರೀಕ್ಷಕನ ಆಕ್ಷೇಪಗಳನ್ನೂ ಅವುಗಳಿಗೆ ಕಂಪೆನಿಯು ಕೊಟ್ಟ ಉತ್ತರಗಳನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಹೂಡಿಕೆದಾರರ ವಾದವಿವಾದಗಳಲ್ಲಿ ಅತ್ಯಂತ ಬೆಲೆಯುಳ್ಳ ಗ್ರಂಥವೆಂದರೆ ಈ ಪತ್ರವ್ಯವಹಾರವೇ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಕಂಪೆನಿಯ ಪ್ರಕಟಣೆಗಳು ಕ್ಲೇಮು ಎಷ್ಟು ವಿಶಾಲವೆಂದು ಸಾರುತ್ತವೆ. ಅದೇ ಕಂಪೆನಿಯು ಪರೀಕ್ಷಕನಿಗೆ ಬರೆದ ಉತ್ತರವಾದರೋ, ಹಿಂದಿನ ಜ್ಞಾನದಿಂದ ತಪ್ಪಿಸಿಕೊಳ್ಳುವುದಕ್ಕಾಗಿ, ಅದು ಎಷ್ಟು ಸಂಕುಚಿತವೆಂದು ಒಪ್ಪಿಕೊಂಡಿರುತ್ತದೆ. ಮುಂದೆ ನ್ಯಾಯಾಲಯವು ಕಂಪೆನಿಯನ್ನು ಕಟ್ಟಿಹಾಕುವುದು ಎರಡನೆಯ ಮಾತಿನಿಂದ.

ಮೌಲ್ಯನಿರ್ಣಯಕ್ಕೆ ಬಳಕೆಯಲ್ಲಿರುವ ಮಾರ್ಗಗಳಲ್ಲಿ, ಸಂಶೋಧನೆಗೆ ತಗುಲಿದ ವೆಚ್ಚವನ್ನು ಎಣಿಸುವುದು ಸುಲಭ, ಆದರೆ ನಿರರ್ಥಕ. ಖರ್ಚಾದ ಹಣಕ್ಕೂ ದೊರೆಯುವ ಹಕ್ಕಿಗೂ ಅನುಪಾತವಿಲ್ಲ. ಇತರ ಪೇಟೆಂಟುಗಳು ಮಾರಾಟವಾದ ಬೆಲೆಗೆ ಹೋಲಿಸುವುದು, ಒಂದರಂತೆ ಇನ್ನೊಂದಿಲ್ಲದ ವಸ್ತುಗಳಲ್ಲಿ, ಅಷ್ಟೇನೂ ಭದ್ರವಲ್ಲ. ಉಳಿದುದು ಮುಂದೆ ಬರಬಹುದಾದ ರಾಯಲ್ಟಿಯನ್ನು ಅಂದಾಜು ಮಾಡಿ, ಸಂಭವನೀಯತೆಯಿಂದ ಗುಣಿಸಿ, ಇಂದಿನ ಬೆಲೆಗೆ ಇಳಿಸುವ ಕ್ರಮ. ಪರವಾನಗಿ ಪಡೆದವನ ಲಾಭದಲ್ಲಿ ಕಾಲು ಭಾಗ ಪೇಟೆಂಟಿನ ಒಡೆಯನಿಗೆ ಸಲ್ಲಬೇಕೆಂದು ಬಹುಕಾಲ ರೂಢಿಯಲ್ಲಿದ್ದ ಸೂತ್ರವನ್ನು ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯವು 2011ರಲ್ಲಿ ಯೂನಿಲಾಕ್ ಮತ್ತು ಮೈಕ್ರೊಸಾಫ್ಟ್ ನಡುವಿನ ಮೊಕದ್ದಮೆಯಲ್ಲಿ ಆಧಾರರಹಿತವೆಂದು ತಳ್ಳಿಹಾಕಿದುದರಿಂದ, ಈಗ ಪ್ರತಿಯೊಂದು ದರವನ್ನೂ ಆಯಾ ಉದ್ಯಮದ ನಿಜವಾದ ಪರವಾನಗಿಗಳಿಂದ ಸಾಧಿಸಿ ತೋರಿಸಬೇಕಾಗಿದೆ.

ಒಂದು ಕಲ್ಪಿತ ಲೆಕ್ಕದಿಂದ ವಿವಾದದ ಸ್ವರೂಪ ವಿಶದವಾಗುವುದು. ಒಂದು ಅರ್ಜಿಯ ವ್ಯಾಪ್ತಿಗೆ ಬರುವ ಸರಕು ವರ್ಷಕ್ಕೆ 200 ಕೋಟಿ ರೂಪಾಯಿಗಳಷ್ಟು ಮಾರಾಟವಾಗುವುದೆಂದೂ ರಾಯಲ್ಟಿ ನೂರಕ್ಕೆ 2 ಎಂದೂ ಹತ್ತು ವರ್ಷದ ಆಯುಸ್ಸು ಉಳಿದಿದೆಯೆಂದೂ ಇಟ್ಟುಕೊಂಡರೆ, ಬಡ್ಡಿಯ ಎಣಿಕೆಯನ್ನು ಬದಿಗಿಟ್ಟು, ಒಟ್ಟು 40 ಕೋಟಿ. ಅರ್ಜಿ ಮಂಜೂರಾಗುವ ಸಂಭವ ನೂರಕ್ಕೆ 60, ಕ್ಲೇಮು ಉಪಯುಕ್ತವಾಗುವಷ್ಟು ವಿಶಾಲವಾಗಿ ಉಳಿಯುವುದು 50, ನ್ಯಾಯಾಲಯದಲ್ಲಿ ಗೆಲ್ಲುವುದು 50 ಎಂದು ಎಣಿಸಿದವನಿಗೆ ಮೂರನ್ನೂ ಗುಣಿಸಿದಾಗ ಸಿಗುವುದು ನೂರಕ್ಕೆ 15, ಅಂದರೆ 6 ಕೋಟಿ. ಮೂರನ್ನೂ 80 ಎಂದು ಎಣಿಸಿದ ಆಶಾವಾದಿಗೆ ನೂರಕ್ಕೆ 51, ಅಂದರೆ 20 ಕೋಟಿಗೂ ಮಿಗಿಲು. ಒಂದೊಂದು ಹಂತದಲ್ಲಿ ಅಷ್ಟೇನೂ ಅತಿರೇಕವೆಂದು ತೋರದ ಭಿನ್ನಾಭಿಪ್ರಾಯವು ಗುಣಾಕಾರದಲ್ಲಿ ಮೂರು ಪಟ್ಟಿಗೂ ಹೆಚ್ಚಾಗಿ ನಿಲ್ಲುತ್ತದೆ. ವಾದಿಸುವವರು ಮೊದಲ ಸಂಭವವನ್ನು, ಎಂದರೆ ಮಂಜೂರಾತಿಯನ್ನು, ಕುರಿತೇ ಹೆಚ್ಚು ಮಾತನಾಡುವುದು ವಾಡಿಕೆ. ಬೆಲೆಯನ್ನು ನಿಜವಾಗಿ ನಿರ್ಣಯಿಸುವವು ಎರಡನೆಯದೂ ಮೂರನೆಯದೂ. ಮಾರ್ಕ್ ಲೆಮ್ಲಿ ಮತ್ತು ಕಾರ್ಲ್ ಶಪಿರೊ ಎಂಬ ವಿದ್ವಾಂಸರು 2005ರಲ್ಲಿ ಮಂಡಿಸಿದಂತೆ, ಮಂಜೂರಾದ ಪೇಟೆಂಟ್ ಕೂಡ ಇತರರನ್ನು ಹೊರಗಿಡುವ ನಿಶ್ಚಿತ ಹಕ್ಕಲ್ಲ, ಹೊರಗಿಡಲು ಪ್ರಯತ್ನಿಸುವ ಹಕ್ಕು ಮಾತ್ರ.

ಹಾಗಾದರೆ ಅರ್ಜಿಗೆ ಬೆಲೆ ಕೊಡುವುದೇ ಭ್ರಮೆಯೆಂಬ ಸಂದೇಹವಾದಿಗಳ ಮಾತು ಸರಿಯೆ? ಸರಿಯಲ್ಲ. ಅಮೆರಿಕದ ಅರೆವಾಹಕ ಉದ್ಯಮದ ಹೊಸ ಕಂಪೆನಿಗಳನ್ನು ಪರಿಶೀಲಿಸಿದ ಡೇವಿಡ್ ಸೂ ಮತ್ತು ರೋಸ್‌ಮೇರಿ ಜೀಡೋನಿಸ್ ಅವರಿಗೆ, ಅರ್ಜಿಗಳ ಸಂಖ್ಯೆ ಇಮ್ಮಡಿಯಾದಲ್ಲಿ ಬಂಡವಾಳದ ಸುತ್ತಿನಲ್ಲಿ ಕಟ್ಟಲ್ಪಡುವ ಬೆಲೆ ನೂರಕ್ಕೆ 28ರಷ್ಟು ಹೆಚ್ಚುವುದು ಕಂಡುಬಂದಿತು. ಆ ಪರಿಣಾಮ ಆರಂಭದ ಸುತ್ತುಗಳಲ್ಲಿಯೇ ಅಧಿಕ. ಜೋನ್ ಫಾರೆ-ಮೆನ್ಸಾ, ದೀಪಕ್ ಹೆಗ್ಡೆ, ಅಲೆಕ್ಸಾಂಡರ್ ಯುಂಗ್‌ಕ್ವಿಸ್ಟ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಬೋಧಪ್ರದ. ಒಂದೇ ಬಗೆಯ ಅರ್ಜಿ ಉದಾರ ಪರೀಕ್ಷಕನ ಪಾಲಿಗೆ ಬೀಳುವುದೋ ಕಠಿಣ ಪರೀಕ್ಷಕನ ಪಾಲಿಗೆ ಬೀಳುವುದೋ ಬಹುಮಟ್ಟಿಗೆ ಆಕಸ್ಮಿಕವಾದುದರಿಂದ, ಆ ಆಕಸ್ಮಿಕವನ್ನೇ ಆಧಾರವಾಗಿ ಹಿಡಿದು ಅವರು ಹೋಲಿಸಿ ನೋಡಿದಾಗ, ಮೊದಲ ಪೇಟೆಂಟ್ ದೊರೆತ ಹೊಸ ಕಂಪೆನಿಗಳಲ್ಲಿ ಐದು ವರ್ಷಗಳ ತರುವಾಯ ಉದ್ಯೋಗದ ಬೆಳವಣಿಗೆ ಸರಾಸರಿ ನೂರಕ್ಕೆ 55ರಷ್ಟೂ ಮಾರಾಟದ ಬೆಳವಣಿಗೆ 80ರಷ್ಟೂ ಅಧಿಕವಾಗಿದ್ದುವು. ಮಂಜೂರಾತಿಯ ವಿಳಂಬದಿಂದ ಕಂಪೆನಿಗೆ ನಷ್ಟವೆಂಬುದೂ ಅವರ ಶೋಧದಲ್ಲಿ ವ್ಯಕ್ತವಾಯಿತು. ತನ್ನ ಕಲ್ಪನೆಯನ್ನು ಹೇಳದೆ ಹಣ ದೊರೆಯದು, ಹೇಳಿದರೆ ಕಲ್ಪನೆಯೇ ಕೈಬಿಡುವುದು ಎಂದು 1962ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೊ ವಿವರಿಸಿದ ಸಂಕಟಕ್ಕೆ ಸಲ್ಲಿಸಿದ ಅರ್ಜಿಯೊಂದು ಭಾಗಶಃ ಪರಿಹಾರ. ಅದರ ರಕ್ಷಣೆಯಲ್ಲಿ ಸಣ್ಣ ಕಂಪೆನಿ ಧೈರ್ಯವಾಗಿ ಬಾಯ್ದೆರೆಯಬಲ್ಲುದು.

ಮಾರುಕಟ್ಟೆಯ ಮನಃಸ್ಥಿತಿಯಿಂದ ಆಗುವ ಏರಿಳಿತವೂ ಅಲ್ಪವಲ್ಲ. ದಿವಾಳಿಯಾದ ನಾರ್ಟೆಲ್ ಕಂಪೆನಿಯ ಸುಮಾರು 6,000 ಪೇಟೆಂಟುಗಳೂ ಅರ್ಜಿಗಳೂ 2011ರಲ್ಲಿ 450 ಕೋಟಿ ಡಾಲರಿಗೆ ಹರಾಜಾದುವು. ಗೂಗಲ್ ಮೊದಲು ಹೇಳಿದ ಬೆಲೆ 90 ಕೋಟಿ ಮಾತ್ರವಾಗಿತ್ತು. ಮರುವರ್ಷವೇ ಕೊಡ್ಯಾಕ್ ಕಂಪೆನಿಯ ಡಿಜಿಟಲ್ ಛಾಯಾಗ್ರಹಣದ ಪೇಟೆಂಟುಗಳಿಗೆ 220 ಕೋಟಿ ಡಾಲರಿಗೂ ಮಿಕ್ಕ ಅಂದಾಜು ಹೊರಬಿದ್ದು, ಕೊನೆಗೆ ಕೈಗೆ ಬಂದುದು ಸುಮಾರು 53 ಕೋಟಿ. ಒತ್ತಡದಲ್ಲಿರುವವನು ಮಾರುವಾಗ, ಕೊಳ್ಳಬಲ್ಲವರೆಲ್ಲ ಒಂದೇ ಕೂಟವಾಗಿ ಬಂದಾಗ, ಪಂಡಿತರ ಅಂದಾಜು ನಿಲ್ಲಲಾರದು.

ಇಷ್ಟೆಲ್ಲವನ್ನೂ ತೂಗಿದ ಮೇಲೆಯೂ ಸಣ್ಣ ಷೇರುದಾರನು ಕೇಳಲೇಬೇಕಾದ, ಆದರೆ ಅಪರೂಪವಾಗಿ ಕೇಳುವ ಪ್ರಶ್ನೆ ಬೇರೆ. ಪೇಟೆಂಟಿನ ಬೆಲೆ ಒಂದು, ತನ್ನ ಷೇರಿನ ಬೆಲೆ ಇನ್ನೊಂದು. ಅರ್ಜಿಯನ್ನು ದೇಶದೇಶಗಳಲ್ಲಿ ನಡೆಸಲು, ವ್ಯಾಜ್ಯ ಹೂಡಲು, ವರಮಾನವಿಲ್ಲದ ಕಂಪೆನಿ ಹೊಸ ಷೇರುಗಳನ್ನು ಹಂಚುತ್ತಲೇ ಇರಬೇಕಾಗುವುದು. ಖರ್ಚು ಮೊದಲು, ನಿಶ್ಚಿತವಾಗಿ. ವರಮಾನ ಆಮೇಲೆ, ಅನಿಶ್ಚಿತವಾಗಿ. ಎದುರಾಳಿಯು ಶ್ರೀಮಂತನಾದರೆ ಕಾಲವನ್ನು ಎಳೆಯುವುದೇ ಅವನ ತಂತ್ರ. ಅಮೆರಿಕದಲ್ಲಿ 2006ರ ಈಬೇ ಮೊಕದ್ದಮೆಯ ತರುವಾಯ ಗೆದ್ದವನಿಗೆ ತಡೆಯಾಜ್ಞೆ ತಾನಾಗಿ ದೊರೆಯದು. 2012ರಿಂದ, ಮಂಜೂರಾದ ಪೇಟೆಂಟನ್ನು ಅಲ್ಲಿನ ಕಚೇರಿಯಲ್ಲಿಯೇ ಪ್ರಶ್ನಿಸುವ ಹೊಸ ಮಾರ್ಗ ತೆರೆದಿದೆ. 2014ರ ಆಲಿಸ್ ತೀರ್ಪಿನಿಂದ ತಂತ್ರಾಂಶದ ಅಸಂಖ್ಯ ಕ್ಲೇಮುಗಳ ಬುನಾದಿಯೇ ಸಡಿಲವಾಯಿತು. ಗೂಲ್ಡನ ಐದರಲ್ಲೊಂದು ಪಾಲನ್ನು ಇಲ್ಲಿ ಮತ್ತೆ ನೆನೆಯಬೇಕು: ಸಂಪೂರ್ಣವಾಗಿ ಗೆದ್ದವನಿಗೂ ಗೆಲುವಿನ ದಾರಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸವೆದುಹೋಗಿತ್ತು.

ಭಾರತದಲ್ಲಿ ಈ ವಿಚಾರ ಇತ್ತೀಚಿನದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದುವು. ಮಾನ್ಯತೆ ಪಡೆದ ನವೋದ್ಯಮಕ್ಕೆ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ, ದೊಡ್ಡ ಕಂಪೆನಿಗೆ 8,000. ಶುಲ್ಕ ಅಲ್ಪವಾದುದರಿಂದ ಅರ್ಜಿ ಇದೆಯೆಂಬುದೊಂದೇ ಗುಣದ ಪ್ರಮಾಣವಾಗಲಾರದು. ಮಂಜೂರಾತಿಗೆ ಮುನ್ನವೇ ಯಾವನೇ ವ್ಯಕ್ತಿಯೂ ವಿರೋಧ ಸಲ್ಲಿಸಬಹುದಾದ 25ನೆಯ ವಿಧಿ, ತಿಳಿದ ಔಷಧವಸ್ತುವಿನ ಹೊಸ ರೂಪಕ್ಕೆ ಹೆಚ್ಚಿನ ಪರಿಣಾಮಕಾರಿತ್ವ ಸಿದ್ಧವಾಗಬೇಕೆನ್ನುವ 3(ಡಿ) ವಿಧಿ, ಇವು ಪರದೇಶದ ಲೆಕ್ಕಾಚಾರವನ್ನು ಇಲ್ಲಿಗೆ ಹಾಗೆಯೇ ತರಲು ಬಿಡವು; ನೊವಾರ್ಟಿಸ್ ಕಂಪೆನಿಯ ಗ್ಲಿವೆಕ್ ಔಷಧದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತಿರಸ್ಕರಿಸಿದುದು 3(ಡಿ) ವಿಧಿಯ ಕಾರಣದಿಂದ. ಅರ್ಜಿಯೇ ಇಲ್ಲದೆ ಇದೆಯೆಂದು ಸರಕಿನ ಮೇಲೆ ಬರೆದುಕೊಳ್ಳುವುದು 120ನೆಯ ವಿಧಿಯ ಪ್ರಕಾರ ದಂಡಾರ್ಹ. ಲೆಕ್ಕಪತ್ರದ ನಿಯಮಗಳು ಇನ್ನೂ ಎಚ್ಚರಿಕೆಯವು: ಭಾರತೀಯ ಲೆಕ್ಕಪತ್ರ ಮಾನಕ 38ರ ಮೇರೆಗೆ ಸಂಶೋಧನ ಹಂತದ ಖರ್ಚನ್ನು ಆಸ್ತಿಯೆಂದು ತೋರಿಸುವಂತಿಲ್ಲ, ಅಭಿವೃದ್ಧಿ ಹಂತದ್ದನ್ನು ಕಟ್ಟುನಿಟ್ಟಾದ ಷರತ್ತುಗಳು ಪೂರೈಸಿದಲ್ಲಿ ಮಾತ್ರ ತೋರಿಸಬಹುದು. ಆದುದರಿಂದ ಸಣ್ಣ ಕಂಪೆನಿಯ ಆಸ್ತಿಪಟ್ಟಿಯಲ್ಲಿ ಅದರ ಅತಿ ಮುಖ್ಯವಾದ ಆಸ್ತಿ ಕಾಣಿಸದೆ ಇರುವುದು ಸಾಮಾನ್ಯ. ಅದನ್ನು ತಿಳಿಯಬಯಸುವವನು ಅರ್ಜಿಯ ಸಂಖ್ಯೆ ಹಿಡಿದು ಪೇಟೆಂಟ್ ಕಚೇರಿಯ ದಾಖಲೆಯಲ್ಲಿ ಪ್ರಥಮ ಪರೀಕ್ಷಾ ವರದಿಯನ್ನೂ ಕಂಪೆನಿಯ ಉತ್ತರವನ್ನೂ ತಿದ್ದಿದ ಕ್ಲೇಮುಗಳನ್ನೂ ಓದಬೇಕು, ಹಕ್ಕು ಕಂಪೆನಿಯ ಹೆಸರಿನಲ್ಲಿದೆಯೋ ಸ್ಥಾಪಕನ ಸ್ವಂತ ಹೆಸರಿನಲ್ಲಿದೆಯೋ ನೋಡಬೇಕು.